ಮಿಲಿ ಬ್ಲೂ ಎಂಬ ಲ್ಯಾಬ್ ಮಿಸ್

"ನಿಮ್ಮ ಹೆಸರು ನೋಡಿದ್ರೆ ಅಡುಗೆ ಪುಸ್ತಕ ಬರೆಯೋರ ಥರ ಇದೆ ಮೇಡಂ," ಎಂದಳು ಪ್ರಕಾಶಕರ ಸೊಸೆ. ಹೇಳಿದ್ದು ನಗುನಗುತ್ತಲೇ. ನಗುತ್ತಾ ಆಡಿದ ಮಾತಿಗೆ ಸಿಟ್ಟು ಮಾಡಿಕೊಂಡರೆ ಕೇಳಿದವರೇ ಸಣ್ಣವರಾಗುತ್ತಾರಲ್ಲ, ಆ ಧೈರ್ಯ ಅವಳಿಗೆ.

ಲ್ಯಾಬ್ ಮಿಸ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಹೈಸ್ಕೂಲೊಂದರ ವಿಜ್ಞಾನದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಸ್ಟ್‌ಟ್ಯೂಬ್ ತೊಳೆಯುತ್ತ, ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಬಂದವಳು ಅವಳು. ಮೇಷ್ಟರ ಮುಂದೆ ತುಟಿ ಬಿಚ್ಚದ ಮಕ್ಕಳು ಟ್ಯೂಬು ತೊಳೆಯುವವಳ ಮುಂದೆ ಎಲ್ಲವನ್ನೂ ಆಡುತ್ತವೆ. ಅವಳು ಅಲ್ಲಿರುವುದೇ ಅವುಗಳ ಗಮನಕ್ಕೆ ಬರುವುದಿಲ್ಲ. ಹಾಗೆ ಕಿವಿಗೆ ಬಿದ್ದದ್ದನ್ನು ಮನಸ್ಸಿನಲ್ಲೇ ವರ್ಷಗಟ್ಟಲೆ ನೆನೆಹಾಕಿ, ಗುರುತು ಸಿಗದಂತೆ ಮೂಗು ಬಾಯಿ ಬದಲಿಸಿ, ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆಂದು ಐದು ಕಾದಂಬರಿ ಬರೆದಿದ್ದಳು. ಆರನೆಯದು ಅಚ್ಚಿಗೆ ಸಿದ್ಧವಾಗಿತ್ತು. ಐದರ ಮೇಲೂ ಅವಳದೇ ಹೆಸರಿತ್ತು. ಉದ್ದದ ಹೆಸರು, ಹಳೇ ಕಾಲದ್ದು, ನಿಜ. ಆದರೆ ಅವಳದು.

"ಐದು ಪುಸ್ತಕ ಆ ಹೆಸರಲ್ಲೇ ಓದಿದಾರಲ್ಲಮ್ಮ ಮಕ್ಕಳು," ಎಂದಳು ಲ್ಯಾಬ್ ಮಿಸ್, ದನಿ ಏರದಂತೆ ನೋಡಿಕೊಂಡು.

"ಓದಿದಾರೆ, ಯಾರಿಲ್ಲ ಅಂದ್ರು? ಇನ್ನೂ ಜಾಸ್ತಿ ಜನ ಓದ್ಬೇಕಲ್ಲ. ಈಗ ಲೇಖಕರೂ ಒಂದು ಬ್ರ್ಯಾಂಡ್ ಮೇಡಂ. ಬ್ರ್ಯಾಂಡಿಗೊಂದು ಹೆಸರು ಬೇಕು, ಹೆಸರಿನ ಕೆಳಗೊಂದು ಟ್ಯಾಗ್‌ಲೈನ್ ಬೇಕು. ಇಲ್ನೋಡಿ." ಲ್ಯಾಪ್‌ಟಾಪ್ ತಿರುಗಿಸಿದಳು. ಪರದೆಯ ಮೇಲೆ ಗುಂಡಗುಂಡನೆಯ ಅಕ್ಷರದಲ್ಲಿ 'ಮಿಲಿ ಬ್ಲೂ' ಎಂದಿತ್ತು.

"ಯಾರಿವಳು?"

"ನೀವು."

ಮೂಲೆಯ ಮೇಜಿನಲ್ಲಿ ಪ್ರಕಾಶಕರು ಕರಡು ತಿದ್ದುತ್ತ ಕೂತಿದ್ದರು. ಲ್ಯಾಬ್ ಮಿಸ್‌ಳ ಮೊದಲ ಹಸ್ತಪ್ರತಿಯನ್ನು ಓದಿ, "ಒಂದಕ್ಷರ ಬದಲಿಸಬೇಡಿ" ಎಂದಿದ್ದ ಮನುಷ್ಯ. ಈಗ ವ್ಯವಹಾರವೆಲ್ಲ ಸೊಸೆಯ ಕೈಯಲ್ಲಿ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದರು. ಸೊಸೆಯ ಮಾತಿಗಿಂತ ಆ ತಗ್ಗಿಸಿದ ತಲೆಯೇ ಲ್ಯಾಬ್ ಮಿಸ್‌ಗೆ ಹೆಚ್ಚು ಚುಚ್ಚಿತು.

"ಆಗಲ್ಲ," ಎಂದಳು. "ನನ್ನ ಸಹಿ ಇಲ್ಲದೆ ಹೆಸರು ಬದಲಿಸೋ ಹಾಗಿಲ್ಲ. ಒಪ್ಪಂದದಲ್ಲೇ ಇದೆ."

"ಇದೆ ಮೇಡಂ. ಬಲವಂತ ಏನಿಲ್ಲ. ಹೆಸರಿನ ವಿಷಯ ಆಮೇಲೆ ನೋಡೋಣ, ಟ್ಯಾಗ್‌ಲೈನ್ ಆದ್ರೂ ಮಾಡೋಣ. ಓದೋ ಮಕ್ಕಳು ನಿಮಗೆ ಏನಂತ ಬರೀತಾರೆ ಹೇಳಿ. ಒಂದೇ ಒಂದು ಮಾತು. ಅವರ ಮಾತಲ್ಲೇ."

ಇಲ್ಲಿ ಲ್ಯಾಬ್ ಮಿಸ್ ಎಡವಿದಳು. ಅಡುಗೆ ಪುಸ್ತಕದ ಮಾತು ಇನ್ನೂ ಒಳಗೆ ಕೊರೆಯುತ್ತಿತ್ತು. ತನ್ನ ಹೆಸರಿಗೆ ಎಂಥೆಂಥ ಮಕ್ಕಳು ಎಂಥೆಂಥದನ್ನು ಬರೆಯುತ್ತಾರೆಂದು ಇವಳಿಗೆ ಮುಖಕ್ಕೆ ಹೊಡೆದ ಹಾಗೆ ತೋರಿಸಬೇಕೆನ್ನಿಸಿತು. ಅದಕ್ಕಿಂತ ಕೆಟ್ಟದ್ದೊಂದಿತ್ತು: ಒಳ್ಳೆಯ ವಾಕ್ಯವೊಂದು ಬಾಯಲ್ಲಿದ್ದರೆ ಬರೆಯುವವರಿಗೆ ಅದನ್ನು ನುಂಗಿಕೊಳ್ಳಲು ಬರುವುದಿಲ್ಲ.

"'ನನ್ನ ರೂಮಿಗೆ ಚಿಲಕ ಇಲ್ಲ. ಅದಕ್ಕೇ ನಿಮ್ಮ ಪುಸ್ತಕದೊಳಗೆ ಹೋಗಿ ಕೂತ್ಕೋತೀನಿ.' ಹಾಗಂತ ಬರೆದಿದ್ಲು ಒಬ್ಬ ಹುಡುಗಿ," ಎಂದಳು.

ಸೊಸೆ ಲ್ಯಾಪ್‌ಟಾಪ್ ಬಿಟ್ಟು ಅವಳನ್ನೇ ನೋಡಿದಳು. ಪ್ರಕಾಶಕರ ಪೆನ್ನು ಕೂಡ ನಿಂತಿತು. ಲ್ಯಾಬ್ ಮಿಸ್ ಗೆದ್ದವಳ ಹಾಗೆ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಕೆಳಗಿನ ಬಣ್ಣದಂಗಡಿ ದಾಟಿ ಬಸ್ಸು ಹತ್ತುವವರೆಗೂ ಬೀಗುತ್ತಲೇ ಇದ್ದಳು.

ಆ ಮಾತು ಅವಳದಾಗಿರಲಿಲ್ಲ. ಕಾಗದಗಳ ವಿಷಯದಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಯಾವ ಮಗುವಿನ ಕಾಗದವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಅದೇ ಹಾಳೆಯ ಹಿಂಬದಿಯಲ್ಲಿ ಉತ್ತರ ಬರೆದು, ಅದೇ ಹಾಳೆಯನ್ನು ವಾಪಸು ಕಳಿಸುತ್ತಿದ್ದಳು. ನಿನ್ನ ಗುಟ್ಟು ನಿನ್ನ ಕೈಗೇ ಬಂತು, ಬೇಕಾದರೆ ಇಟ್ಟುಕೋ, ಬೇಡವಾದರೆ ಹರಿದು ಹಾಕು ಎಂದು. ವಿಳಾಸವನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಮಕ್ಕಳ ನಡುವೆ ಅದು ಹೇಗೋ ಹರಡಿ, ಆ ನಂಬಿಕೆಯ ಮೇಲೇ ಎಷ್ಟೋ ಕಾಗದ ಬರುತ್ತಿದ್ದವು.

ಚಿಲಕದ ಹುಡುಗಿಯೂ ಹಾಗೆ ಬರೆದವಳು. ಅಪ್ಪ ಅವಳ ಡೈರಿ ಓದಿ, ಸ್ಕ್ರೂಡ್ರೈವರ್ ತಂದು ಬಾಗಿಲಿನ ಚಿಲಕ ಕಿತ್ತಿದ್ದ. ಅಂದಿನಿಂದ ಬ್ಯಾಗು, ನೋಟ್‌ಬುಕ್ಕು, ಹಾಸಿಗೆಯ ಅಡಿ ಎಲ್ಲ ದಿನವೂ ತಪಾಸಣೆ. ಕಥೆ ಪುಸ್ತಕವನ್ನು ಮಾತ್ರ ಮುಟ್ಟುತ್ತಿರಲಿಲ್ಲವಂತೆ. "ಹೊರಗಿನವರಿಗೆ ಹೇಳಿದೀನಿ ಅಂತ ಗೊತ್ತಾದ್ರೆ ಸ್ಕೂಲೂ ಬಿಡಿಸ್ತಾರೆ" ಎಂದು ಬರೆದು, ಉತ್ತರಕ್ಕೆ ಗೆಳತಿಯ ವಿಳಾಸ ಕೊಟ್ಟಿದ್ದಳು. ಹೆಸರು ಬರೆದಿರಲಿಲ್ಲ. ಲ್ಯಾಬ್ ಮಿಸ್ ಹಾಳೆಯ ಹಿಂಬದಿ ತುಂಬ ಉತ್ತರ ಬರೆದಳು. ಶಾಲೆಯಲ್ಲಿ ಯಾರನ್ನು ನಂಬಬಹುದು, ಅವರಿಗೆ ಹೇಗೆ ಹೇಳಬಹುದು ಎಂದೂ ಬರೆದಳು. ಹಾಳೆ ಹೋಯಿತು. ವಾಕ್ಯ ಮಾತ್ರ ತಲೆಯಲ್ಲಿ ಉಳಿಯಿತು.

ಮೂರು ವಾರದ ಮೇಲೆ ಶಾಲೆಯ ವಿಳಾಸಕ್ಕೆ ಒಂದು ಪಾರ್ಸೆಲ್ ಬಂತು. ಹತ್ತನೇ ತರಗತಿಯವರ ಪ್ರಾಯೋಗಿಕ ಪರೀಕ್ಷೆ ಮುಗಿದು ಸಿಂಕಿನ ತುಂಬ ಬೀಕರುಗಳು ಬಿದ್ದಿದ್ದವು. ಕೈ ಒರೆಸಿಕೊಂಡು ಬಿಚ್ಚಿದಳು. ಹೊಸ ಪುಸ್ತಕದ ಮುಖಪುಟ. ಅವಳ ಹೆಸರು ಪೂರ್ತಿಯಾಗಿ, ಸರಿಯಾಗಿಯೇ ಇತ್ತು. ಕೆಳಗೆ, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ: 'ನನ್ನ ರೂಮಿಗೆ ಚಿಲಕ ಇಲ್ಲ. ಅದಕ್ಕೇ ನಿಮ್ಮ ಪುಸ್ತಕದೊಳಗೆ ಹೋಗಿ ಕೂತ್ಕೋತೀನಿ.' ಅದರ ಅಡಿಯಲ್ಲಿ, 'ಒಬ್ಬ ಓದುಗಿಯ ಪತ್ರದಿಂದ'.

ಸ್ಟೂಲಿನ ಮೇಲೆ ಕೂತುಬಿಟ್ಟಳು. ಸಂಜೆಯವರೆಗೆ ಕಾಯಲಾಗದೆ, ತಲೆನೋವೆಂದು ಹೇಳಿ ಬಸ್ಸು ಹಿಡಿದಳು.

ಆಫೀಸಿನ ಗೋಡೆಗೆ ಅದೇ ವಾಕ್ಯದ ಪೋಸ್ಟರುಗಳು ಒರಗಿದ್ದವು, ಆಳೆತ್ತರದವು. ಮುಖಪುಟದ ಕಟ್ಟುಗಳು ಬೈಂಡಿಂಗಿಗೆ ಹೋಗಲು ದಾರ ಬಿಗಿಸಿಕೊಂಡು ಕೂತಿದ್ದವು. ನಾಳೆ ಬೆಳಿಗ್ಗೆ ಎಲ್ಲ ಹೊರಡುವುದಿತ್ತು.

"ಯಾರನ್ನ ಕೇಳಿ ಇದನ್ನ ಹಾಕಿದ್ರಿ?"

"ನೀವೇ ಹೇಳಿದ್ದಲ್ವಾ ಮೇಡಂ," ಎಂದಳು ಸೊಸೆ, ನಿಜವಾಗಿಯೂ ಬೆರಗಾಗಿ. "ಎಲ್ಲರಿಗೂ ಎಷ್ಟು ಹಿಡಿಸಿದೆ ಗೊತ್ತಾ? ನಮ್ಮ ಡಿಸೈನರ್ ಅತ್ತೇಬಿಟ್ರು."

"ಅಳೋಕೆ ಅವರಿಗೇನು ಕಷ್ಟ? ಅದು ಮಗು ಬರೆದ ಮಾತು. ನನಗೊಬ್ಬಳಿಗೆ ಬರೆದದ್ದು."

"ಹೆಸರು ಹಾಕಿಲ್ಲವಲ್ಲ. ಯಾರಿಗೆ ಗೊತ್ತಾಗತ್ತೆ?"

"ಚಿಲಕ ಕಿತ್ತೋನಿಗೆ ಗೊತ್ತಾಗತ್ತೆ," ಎಂದಳು ಲ್ಯಾಬ್ ಮಿಸ್. "ಊರೆಲ್ಲ ಓದಿದ್ರೂ ಯಾರಿಗೂ ಗೊತ್ತಾಗಲ್ಲ, ಅವನೊಬ್ಬನಿಗೆ ಗೊತ್ತಾಗತ್ತೆ. ಮಗಳ ಮೇಜಿನ ಮೇಲೆ ಇದೇ ಪುಸ್ತಕ ಇರತ್ತೆ. ಮುಟ್ಟದೇ ಇದ್ರೂ ಮುಖಪುಟ ಕಣ್ಣಿಗೆ ಬಿದ್ದೇ ಬೀಳತ್ತೆ."

ಸೊಸೆಯ ಮುಖ ಸ್ವಲ್ಪ ಇಳಿಯಿತು. ಆದರೂ ಹೇಳಿದಳು: "ಹಾಗಾದ್ರೆ ಆ ಹುಡುಗಿಯ ಒಪ್ಪಿಗೆ ತಗೊಂಡ್ಬಿಡೋಣ. ವಿಳಾಸ ಕೊಡಿ, ಈಗಲೇ ಯಾರನ್ನಾದ್ರೂ ಕಳಿಸ್ತೀನಿ."

ವಿಳಾಸವೆಲ್ಲಿತ್ತು? ಹಾಳೆಯ ಜೊತೆಗೇ ಹೋಗಿತ್ತು. ಮಕ್ಕಳನ್ನು ಕಾಪಾಡಲೆಂದು ತಾನೇ ಮಾಡಿಕೊಂಡ ಕಟ್ಟುನಿಟ್ಟು ಈಗ ಆ ಮಗುವಿಗೆ 'ಹುಷಾರು' ಎಂದು ಹೇಳುವ ದಾರಿಯನ್ನೂ ಮುಚ್ಚಿತ್ತು. ಲ್ಯಾಬ್ ಮಿಸ್‌ಗೆ ಸೊಸೆಯ ಮೇಲಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಂತು. ಇವಳಾದರೋ ಅಂಗಡಿಯವಳು, ಸಿಕ್ಕಿದ್ದನ್ನು ಮಾರುತ್ತಾಳೆ. ತೆಗೆದುಕೊಟ್ಟವಳು ಯಾರು? ಅಡುಗೆ ಪುಸ್ತಕವೆಂದದ್ದಕ್ಕೆ ಒಂದು ಮಗುವಿನ ಗುಟ್ಟನ್ನು ಎತ್ತಿ ಮೇಜಿನ ಮೇಲೆ ಬಡಿದವಳು ತಾನೇ ಅಲ್ಲವೇ?

"ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದಳು ಜೋರಾಗಿಯೇ. ಆಮೇಲೆ ಪ್ರಕಾಶಕರ ಕಡೆ ತಿರುಗಿದಳು. "ಸರ್, ನೀವಾದ್ರೂ ಹೇಳಿ."

ಅವರು ಕನ್ನಡಕ ತೆಗೆದು ಒರೆಸಿದರು. "ಒಪ್ಪಂದದ ಪ್ರಕಾರ ಮುಖಪುಟದ ಮಾತು ನಮ್ಮದಮ್ಮ," ಎಂದರು. "ಅಚ್ಚಾಗಿಹೋಗಿದೆ. ಬರೀ ಒಂದು ಸಾಲಿಗೋಸ್ಕರ ಎಲ್ಲವನ್ನೂ ತೆಗೆದು ಹಾಕಿ ಅಂದ್ರೆ..." ಬರೀ ಒಂದು ಸಾಲು ಎಂದರಲ್ಲ, ಸಾಲುಗಳನ್ನು ಅಚ್ಚು ಹಾಕಿಯೇ ತಲೆ ನರೆಸಿಕೊಂಡವರು.

ಲ್ಯಾಬ್ ಮಿಸ್ ಕಟ್ಟುಗಳನ್ನು ನೋಡಿದಳು, ಪೋಸ್ಟರುಗಳನ್ನು ನೋಡಿದಳು. ಏನು ಕೊಟ್ಟರೆ ಇವರು ಇದನ್ನು ಬಿಡುತ್ತಾರೆ ಎಂದು ಯೋಚಿಸಿದಳು. ಅವಳ ಹತ್ತಿರ ಇವರಿಗೆ ಬೇಕಾದದ್ದು ಒಂದೇ ಇತ್ತು.

"ಹೆಸರು ಬದಲಾಯಿಸಿದ್ರೆ ಮುಖಪುಟ ಹೇಗೂ ಮತ್ತೆ ಅಚ್ಚಾಗಬೇಕಲ್ವಾ?"

ಸೊಸೆ ಕತ್ತೆತ್ತಿದಳು. "ಹೌದು, ಆದ್ರೆ ನೀವು ಬೇಡ ಅಂದಿದ್ರಲ್ಲ."

"ಈಗ ಬೇಕು ಅಂತೀನಿ. ಮಿಲಿ ಬ್ಲೂ ಅಂತಲೇ ಹಾಕಿ. ಆ ವಾಕ್ಯ ಎಲ್ಲೂ ಇರಬಾರದು. ಒಂದು ಪೋಸ್ಟರ್ ಕೂಡ ಈ ಬಾಗಿಲು ದಾಟಬಾರದು. ಎಲ್ಲ ನನ್ನ ಕಣ್ಣೆದುರಿಗೇ ಹರೀಬೇಕು. ಕಾಗದ ಕೊಡಿ, ಸಹಿ ಹಾಕ್ತೀನಿ."

ಹೊಸ ಒಪ್ಪಂದ ಪ್ರಿಂಟರಿನಿಂದ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಈ ಹೆಸರಲ್ಲೇ ಬರೆಯತಕ್ಕದ್ದು, ಈ ಹೆಸರಲ್ಲೇ ಕಾಣಿಸಿಕೊಳ್ಳತಕ್ಕದ್ದು, ಈ ಹೆಸರಲ್ಲೇ ಹಸ್ತಾಕ್ಷರ ಹಾಕತಕ್ಕದ್ದು. ಮೊದಲೇ ತಯಾರಾಗಿದ್ದ ಕಾಗದ. ಲ್ಯಾಬ್ ಮಿಸ್ ತನ್ನ ಉದ್ದದ ಹೆಸರನ್ನು ಕೊನೆಯ ಸಲಕ್ಕೆಂಬಂತೆ ನಿಧಾನವಾಗಿ ಬರೆದಳು. ಆಮೇಲೆ ನೆಲದ ಮೇಲೆ ಕೂತು ಪೋಸ್ಟರುಗಳನ್ನೂ ಮುಖಪುಟಗಳನ್ನೂ ತಾನೇ ಹರಿದಳು. ಪ್ರಕಾಶಕರು ಎದ್ದು ಬಂದು, ಪಕ್ಕದಲ್ಲಿ ಕೂತು ತಾವೂ ಹರಿಯತೊಡಗಿದರು. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಹೊಸ ಟ್ಯಾಗ್‌ಲೈನನ್ನು ಸೊಸೆಯೇ ಆರಿಸಿದಳು. 'ಓದು, ನಗು, ಹಾರು.'

ಮನೆಯಲ್ಲಿ ಗಂಡ ಎರಡು ದಿನ ಮಾತಾಡಲಿಲ್ಲ. ಲಿಫ್ಟ್ ರಿಪೇರಿ ಅವನ ಕೆಲಸ. ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಗಾಬರಿಯಾಗದಿರಲೆಂದು ಹೊರಗಿನಿಂದ ಹೆಂಡತಿಯ ಪುಸ್ತಕಗಳ ಕಥೆ ಹೇಳುತ್ತಿದ್ದ ಮನುಷ್ಯ. ಬಾಗಿಲು ತೆಗೆದ ಮೇಲೆ ಅವಳ ಪೂರ್ತಿ ಹೆಸರು ಹೇಳಿ, ಅಂಗಡಿಯಲ್ಲಿ ಕೇಳಿ ಎಂದೇ ಕಳಿಸುತ್ತಿದ್ದ.

"ಮಿಲಿ ಬ್ಲೂ ಅಂತೆ," ಎಂದ ಮೂರನೆಯ ದಿನ, ಊಟದ ತಟ್ಟೆಯ ಮುಂದೆ. "ಬಿಳಿ ಬಟ್ಟೆಗೆ ಹಾಕೋ ನೀಲಿ ಇದ್ದ ಹಾಗಿದೆ. ನಾನು ಜನಕ್ಕೆ ಏನಂತ ಹೇಳ್ಲಿ? ನನ್ನ ಹೆಂಡ್ತಿ ಹೋದ್ಲು, ಈಗ ಇವಳು ಬಂದಿದಾಳೆ ಅನ್ಲಾ?"

"ಹಾಗೇ ಅನ್ನಿ."

"ಯಾಕೆ ಒಪ್ಕೊಂಡೆ? ಅದನ್ನಾದ್ರೂ ಹೇಳೇ."

ಹೇಳಬಹುದಿತ್ತು. ಹೇಳಬೇಕಾದರೆ ವಾಕ್ಯವನ್ನು ಹೇಳಬೇಕು, ಒಂದು ಸಲ ಹೇಳಿ ಆದದ್ದೇ ಸಾಕಾಗಿತ್ತು. "ಒಪ್ಕೋಬೇಕಾಯ್ತು," ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಎರಡು ತಿಂಗಳ ಮೇಲೆ ಪುಸ್ತಕದಂಗಡಿಯೊಂದರಲ್ಲಿ ಹೊಸ ಕಾದಂಬರಿ ಬಿಡುಗಡೆಯಾಯಿತು. ನೀಲಿ ಬಲೂನು ಕಟ್ಟಿದ್ದರು. ಲ್ಯಾಬ್ ಮಿಸ್‌ಗೆ ನೀಲಿ ಶಾಲು ಹೊದಿಸಿ ಕೂರಿಸಿದ್ದರು. ಮಕ್ಕಳ ಸಾಲು ಬಾಗಿಲಿನಿಂದಾಚೆಗೂ ಇತ್ತು. ಮಿಲಿ ಬ್ಲೂ, ಮಿಲಿ ಬ್ಲೂ ಎಂದು ಬರೆದೂ ಬರೆದೂ ಅವಳ ಕೈ ಜೋಮು ಹಿಡಿದಿತ್ತು. ಪಕ್ಕದಲ್ಲಿ ನಿಂತ ಸೊಸೆ ಸಾಲನ್ನು ನೋಡಿ ನೋಡಿ ಹಿಗ್ಗುತ್ತಿದ್ದಳು.

ಹದಿನೈದರ ಹುಡುಗಿಯೊಬ್ಬಳು ಬಂದು ಹೊಸ ಪುಸ್ತಕದ ಬದಲು ಹಳೆಯದೊಂದನ್ನು ಮುಂದಿಟ್ಟಳು. ಅಂಚು ಮೆತ್ತಗಾಗುವಷ್ಟು ಓದಿದ ಪುಸ್ತಕ.

"ಇದರ ಮೇಲೆ ಇದರಲ್ಲಿರೋ ಹೆಸರೇ ಹಾಕಿ," ಎಂದಳು.

ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ಸೊಸೆ ಬಾಗಿ, "ಇವರೀಗ ಮಿಲಿ ಬ್ಲೂ ಪುಟ್ಟಾ, ಹಾಗಂತಲೇ ಹಾಕ್ತಾರೆ," ಎಂದಳು. ಲ್ಯಾಬ್ ಮಿಸ್‌ಳ ಕೈ ತಡೆಯಿತು.

ಹುಡುಗಿ ಸೊಸೆಯನ್ನು ನೋಡಲೇ ಇಲ್ಲ. "ನಿಮ್ಮ ಹೆಸರು ನಿಮಗೇ ನಾಚಿಕೆ ಆಯ್ತಾ?" ಎಂದು ಲ್ಯಾಬ್ ಮಿಸ್‌ಳನ್ನೇ ಕೇಳಿದಳು. ಕಣ್ಣಲ್ಲಿ ನೀರಿರಲಿಲ್ಲ, ಬರೀ ಸಿಟ್ಟಿತ್ತು. "ಯಾರು ಏನಂದ್ರೂ ನಮ್ಮದನ್ನ ಬಿಟ್ಟುಕೊಡಬಾರದು ಅಂತ ನಮಗೆ ಹೇಳ್ತೀರಿ. ನಿಮಗೆ ಯಾರೋ ಬಲೂನು ಕಟ್ಟಿದ ತಕ್ಷಣ ಬಿಟ್ಟುಕೊಟ್ರಿ."

"ಹಾಗಲ್ಲ ಮಗು..."

"ನಾನು ನಿಮಗೊಂದು ಕಾಗದ ಬರೆದಿದ್ದೆ. ಯಾರಿಗೂ ಹೇಳದೇ ಇದ್ದಿದ್ದನ್ನ. ಆ ಹೆಸರು ನೋಡಿ ಧೈರ್ಯ ಬಂದಿತ್ತು, ಮನೆಯ ದೊಡ್ಡೋರ ಹೆಸರಿನ ಹಾಗಿತ್ತು. ಮಿಲಿ ಬ್ಲೂಗೆ ಆಗಿದ್ರೆ ಬರೀತಾನೇ ಇರ್ಲಿಲ್ಲ."

ಅವಳೇ ಇವಳೋ, ಇನ್ನೊಬ್ಬಳೋ? ಕಾಗದ ಬರೆದವರು ನೂರಾರು ಮಂದಿ, ಯಾರ ಮುಖವನ್ನೂ ಲ್ಯಾಬ್ ಮಿಸ್ ಕಂಡವಳಲ್ಲ. ಕೇಳುವ ಹಾಗಿರಲಿಲ್ಲ. ಕೇಳಿದರೆ ಎಲ್ಲವನ್ನೂ ಹೇಳಬೇಕು: ನಿನ್ನ ಮಾತನ್ನು ನಾನು ಆಡಿಬಿಟ್ಟೆ, ಆಡಿದ್ದನ್ನು ಹಿಂದಕ್ಕೆ ತರಲು ಹೆಸರು ಕೊಟ್ಟೆ ಎಂದು. ಹೇಳಿದರೆ ತನ್ನ ಮರ್ಯಾದೆ ಒಂದಿಷ್ಟು ಉಳಿದೀತು. ಈ ಹುಡುಗಿ ಮಾತ್ರ ಜನ್ಮದಲ್ಲಿ ಇನ್ನೊಬ್ಬರಿಗೆ ಬಾಯಿ ಬಿಡಲಾರಳು.

"ನೀನು ಬೈದದ್ದು ಸರಿಯಾಗಿದೆ," ಎಂದಳು ಲ್ಯಾಬ್ ಮಿಸ್. "ಬಿಟ್ಟುಕೊಟ್ಟೆ."

ಹುಡುಗಿ ಇನ್ನೂ ಏನೋ ಉತ್ತರ ಬರುತ್ತದೆಂದು ಕಾದಳು. ಬರಲಿಲ್ಲ. ಸಹಿ ಇಲ್ಲದ ಪುಸ್ತಕವನ್ನು ಎತ್ತಿ ಬ್ಯಾಗಿಗೆ ತುರುಕಿಕೊಂಡು, ಸಾಲನ್ನು ಸರಿಸಿಕೊಂಡು ಹೊರಗೆ ಹೋದಳು. "ಈಗಿನ ಮಕ್ಕಳ ಬಾಯಿ ನೋಡಿ," ಎಂದಳು ಸೊಸೆ. ಲ್ಯಾಬ್ ಮಿಸ್ ಅವಳತ್ತ ತಿರುಗಿ, "ಇನ್ನೊಂದು ಮಾತು ಆ ಮಗುವಿನ ಬಗ್ಗೆ ಆಡಿದ್ರೆ ಈ ಶಾಲು ಇಲ್ಲೇ ಬಿಸಾಕಿ ಎದ್ದುಹೋಗ್ತೀನಿ," ಎಂದಳು, ಮುಂದಿದ್ದ ಮಕ್ಕಳಿಗೆಲ್ಲ ಕೇಳುವ ಹಾಗೆ. ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. ಮುಂದಿನ ಮಗು ಹೆದರುತ್ತಲೇ ಪುಸ್ತಕ ಚಾಚಿತು, ಲ್ಯಾಬ್ ಮಿಸ್ ಅದನ್ನು ತೆಗೆದುಕೊಂಡು ಮಿಲಿ ಬ್ಲೂ ಎಂದು ಬರೆದಳು.