ಗ್ರೇವಿಗೆ ಬಿದ್ದ ರಾಗಿಹಿಟ್ಟು

ಕುರುಬರಹಳ್ಳಿಯ ಮುನಿರಾಜುವಿನ ಮನೆಯಲ್ಲಿ ಭಾನುವಾರವೆಂದರೆ ಕೋಳಿ, ಕೋಳಿಯೆಂದರೆ ಸಾರು, ಸಾರೆಂದರೆ ಮುದ್ದೆ. ಇದರಲ್ಲಿ ಒಂದನ್ನು ತೆಗೆದರೆ ಉಳಿದದ್ದು ಊಟವೇ ಅಲ್ಲ ಎಂದು ಆ ಮನೆಯವರು ನಂಬಿದ್ದರು. ಹಾಗಿರುವಾಗ ಡಾಕ್ಟರು ಮುದ್ದೆಯನ್ನೇ ತೆಗೆದುಬಿಟ್ಟರು.

ಕಾರಣ ಮುನಿರಾಜುವಿನ ಎಡಗಾಲಿನ ಹೆಬ್ಬೆರಳು. ನಾದಿನಿಯ ಮಗಳ ಮದುವೆಗೆಂದು ಕೊಂಡ ಹೊಸ ಚಪ್ಪಲಿ ಕಚ್ಚಿ ಅಲ್ಲೊಂದು ಗಾಯವಾಗಿತ್ತು. ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗಿ, ಬಸುರಿಯಾಗಿ ತವರಿಗೆ ಬಂದರೂ ಆ ಗಾಯ ಮಾತ್ರ ಮಾಯಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಶುಗರ್ ಹೀಗೇ ಇದ್ದರೆ ಬೆರಳು ಉಳಿಯುವುದಿಲ್ಲ ಎಂದು ಮುಲಾಜಿಲ್ಲದೆ ಹೇಳಿದರು. ಮುದ್ದೆ, ಅನ್ನ, ಇಡ್ಲಿ ಎಲ್ಲ ಬಂದ್. ಕೋಳಿ, ಮೊಟ್ಟೆ, ಸೊಪ್ಪು ತಿನ್ನಲಿ ಎಂದರು.

ಮುನಿರಾಜು ಊಟದ ವಿಷಯದಲ್ಲಿ ತಕರಾರಿನ ಮನುಷ್ಯನಲ್ಲ. ಮದುವೆಯಾದಂದಿನಿಂದ ಹೆಂಡತಿ ವಿಮಲಮ್ಮ ಬಡಿಸಿದ್ದನ್ನು ಉಂಡು ಕೈ ತೊಳೆದವನೇ ಹೊರತು, ಇದಕ್ಕೆ ಏನು ಹಾಕಿದೆ ಎಂದು ಒಂದು ದಿನವೂ ಕೇಳಿದವನಲ್ಲ. ಉಪ್ಪು ಹೆಚ್ಚಾದ ದಿನ ಒಂದು ಲೋಟ ನೀರು ಹೆಚ್ಚು ಕುಡಿಯುತ್ತಿದ್ದ, ಅಷ್ಟೆ. ವಿಮಲಮ್ಮ ಅದನ್ನೇ ತನ್ನ ಬದುಕಿನ ದೊಡ್ಡ ಸರ್ಟಿಫಿಕೇಟು ಎಂದುಕೊಂಡಿದ್ದಳು.

ಈಗ ಅವನ ಊಟದ ಜವಾಬ್ದಾರಿ ಸೊಸೆ ಸ್ಪಂದನಳ ಕೈಗೆ ಹೋಯಿತು. ರಾಜಾಜಿನಗರದ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಹುಡುಗಿ. ಹಿಡಿದ ಕೆಲಸ ಬಿಡುವವಳಲ್ಲ. ಒಂದು ಓವನ್ ತಂದಳು. ಭಾನುವಾರ ಇಡೀ ಕೋಳಿಗೆ ಮೆಣಸು, ಬೆಳ್ಳುಳ್ಳಿ, ನಿಂಬೆರಸ ಸವರಿ ರೋಸ್ಟ್ ಮಾಡಿದಳು. ಮನೆಯೆಲ್ಲ ಘಮಘಮ ಎಂದಿತು. ಆದರೆ ಒಣ ಮಾಂಸವನ್ನು ಮುನಿರಾಜು ಯಾವುದರಲ್ಲಿ ಅದ್ದಬೇಕು? ಅದಕ್ಕೆ ಸ್ಪಂದನ ಫೋನಿನಲ್ಲಿ ಹುಡುಕಿ ಲೋ ಕಾರ್ಬ್ ಗ್ರೇವಿ ಎಂಬುದನ್ನು ಕಂಡುಹಿಡಿದಳು. ಓವನ್ನಿನ ತಟ್ಟೆಗೆ ಇಳಿದ ಕೋಳಿಯ ಕೊಬ್ಬು ಮತ್ತು ರಸ, ಕೆಂಪಗೆ ಹುರಿದ ಒಂದಿಷ್ಟು ಈರುಳ್ಳಿ, ಹುರಿದು ರುಬ್ಬಿದ ಎಳ್ಳು, ಸ್ವಲ್ಪ ಕೊಬ್ಬರಿ. ಹುರಿಗಡಲೆ ಇಲ್ಲ, ಯಾವ ಹಿಟ್ಟೂ ಇಲ್ಲ. ಒಮ್ಮೆಗೇ ಹೆಚ್ಚು ಮಾಡಿ ಫ್ರಿಡ್ಜಿನಲ್ಲಿಟ್ಟರೆ ವಾರದ ದಿನಗಳಲ್ಲಿ ಅತ್ತೆ ಬಿಸಿ ಮಾಡಿ ಬಡಿಸಿದರಾಯಿತು ಎಂಬುದು ಅವಳ ಏರ್ಪಾಡು.

ಏರ್ಪಾಡೇನೋ ಚೆನ್ನಾಗಿತ್ತು, ಗ್ರೇವಿ ಮಾತ್ರ ನೀರಾಗಿತ್ತು. ಮುನಿರಾಜು ಒಂದೆರಡು ಚೂರು ಅದ್ದಿ ತಿಂದು ತಟ್ಟೆ ಸರಿಸುತ್ತಿದ್ದ. ಸೊಸೆಯ ಮುಂದೆ ಚೆನ್ನಾಗಿದೆ ಎನ್ನುತ್ತಿದ್ದ. ಅವನ ಅಂಗಿಯ ಕತ್ತಿನ ಪಟ್ಟಿ ಸಡಿಲವಾಯಿತು, ಕೆನ್ನೆ ಒಳಗೆ ಹೋಯಿತು. ವಿಮಲಮ್ಮ ಅವನ ಎದುರು ಮುದ್ದೆ ಉಣ್ಣಲಾರದೆ, ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡೇ ನುಂಗುತ್ತಿದ್ದಳು. ಕದ್ದು ತಿಂದಂತಾಗಿ ಅದೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗ್ರೇವಿ ಬಿಸಿಗಿಟ್ಟವಳ ಕೈಗೆ ರಾಗಿಹಿಟ್ಟಿನ ಡಬ್ಬ ಸಿಕ್ಕಿತು. ತನ್ನ ಮುದ್ದೆಗೆಂದು ತೆಗೆದದ್ದು. ಒಂದು ಚಮಚ ಹಿಟ್ಟನ್ನು ಕೋಳಿಯ ಕೊಬ್ಬಿನಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದಳು, ಇನ್ನೊಂದಿಷ್ಟು ಮೆಣಸು ಕುಟ್ಟಿ ಹಾಕಿ ಗ್ರೇವಿಗೆ ಬೆರೆಸಿದಳು. ಗ್ರೇವಿಯೂ ಕಂದು, ರಾಗಿಯೂ ಕಂದು. ಕುದಿಯುತ್ತಿದ್ದಂತೆ ಅದು ಗಟ್ಟಿಯಾಗಿ, ಮಿರುಗಿ, ಸೌಟಿನಿಂದ ನಿಧಾನವಾಗಿ ಇಳಿಯಿತು. ಮುನಿರಾಜು ಆ ದಿನ ಬಟ್ಟಲನ್ನು ಬೆರಳಿನಿಂದ ಬಳಿದು ತಿಂದ.

"ಇವತ್ತು ಊಟ ಮಾಡ್ದಂಗಾಯ್ತು," ಎಂದ. "ನಿನ್ ಸೊಸೆ ಕೈ ಪಳಗ್ತು ಕಣೇ."

ಆ ಮಾತಿಗೆ ವಿಮಲಮ್ಮನಿಗೆ ಹೊಟ್ಟೆ ತುಂಬಿದಂತೆಯೂ ಆಯಿತು, ಹೊಟ್ಟೆ ಉರಿದಂತೆಯೂ ಆಯಿತು. ಒಂದು ಚಮಚದಿಂದ ಏನಾಗುತ್ತದೆ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಚಮಚ ಹಿಡಿಯಾಯಿತು. ವಾರದ ದಿನ ಬಿಸಿ ಮಾಡುವಾಗ ಹಾಕುತ್ತಿದ್ದಳು, ಭಾನುವಾರ ಸೊಸೆ ಎಲ್ಲರನ್ನೂ ಊಟಕ್ಕೆ ಕರೆಯಲು ಹೋದಾಗ ಹಾಕುತ್ತಿದ್ದಳು. ತಟ್ಟೆಯಿಂದ ಎತ್ತಿದ ಮುದ್ದೆಯನ್ನು ಬಟ್ಟಲಿನಲ್ಲಿ ಕರಗಿಸಿ ವಾಪಸು ಕೊಡುತ್ತಿದ್ದಳು ಎಂದರೂ ತಪ್ಪಲ್ಲ.

ಮಾವನ ತಟ್ಟೆ ಖಾಲಿಯಾಗುವುದನ್ನು ಕಂಡು ಸ್ಪಂದನ ಉಬ್ಬಿಹೋದಳು. ಫೋಟೋ ತೆಗೆದು, ಮಾಡುವ ಕ್ರಮ ಬರೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಳು. ಉಲ್ಲಾಳದಲ್ಲಿರುವ ರಾಗಿಣಿ ಅತ್ತಿಗೆ ಮಾಡಿ ನೋಡಿ, ನಮ್ಮದು ಗಟ್ಟಿಯೇ ಆಗಲಿಲ್ಲವಲ್ಲ ಎಂದು ಬರೆದಳು. ಸಣ್ಣ ಉರಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬಿಡಿ ಎಂದು ಸ್ಪಂದನ ಉತ್ತರ ಕೊಟ್ಟಳು. ಪಾಪ ರಾಗಿಣಿ ಎಷ್ಟು ಗ್ಯಾಸು ಸುಟ್ಟಳೋ. ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ವಿಮಲಮ್ಮ ತಲೆ ಎತ್ತಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಶುಗರ್ ಇಳಿಯಲಿಲ್ಲ, ಇನ್ನೂ ಏರಿತ್ತು. ಡಾಕ್ಟರಮ್ಮ ಮಾತ್ರೆ ಜಾಸ್ತಿ ಮಾಡಿದರು. ಸ್ಪಂದನ ಗ್ರೇವಿಯಲ್ಲಿದ್ದ ಈರುಳ್ಳಿಯನ್ನೂ ಕಡಿಮೆ ಮಾಡಿದಳು. ಅದಾದ ಮೇಲೂ ಇಳಿಯದಿದ್ದಾಗ ಅವಳಿಗೆ ಒಂದೇ ಅನುಮಾನ ಉಳಿಯಿತು. ಮಾವ ಸಂಜೆ ಹೊತ್ತು ಮೂಲೆಯ ಮಹದೇವನ ಬೇಕರಿ ಮುಂದೆ ಗೆಳೆಯರ ಜೊತೆ ನಿಲ್ಲುತ್ತಾರೆ. ಅಲ್ಲಿ ಖಾರಾ ಬನ್ನು ಇರುತ್ತದೆ, ದಿಲ್‌ಪಸಂದ್ ಇರುತ್ತದೆ. ಮನೆಯಲ್ಲಿ ತಾನು ಇಷ್ಟು ಒದ್ದಾಡುತ್ತಿದ್ದರೆ ಅಲ್ಲಿ ಕದ್ದು ತಿಂದು ಬಂದು ಸುಳ್ಳು ಹೇಳುತ್ತಾರೆ ಎಂದು ಗಂಡ ಗೌತಮನ ಹತ್ತಿರ ಅತ್ತಳು.

ಗೌತಮ್ ಅಪ್ಪನನ್ನು ಕೂರಿಸಿಕೊಂಡು ವಿಚಾರಿಸಿದ. ಸಕ್ಕರೆಯಿಲ್ಲದ ಟೀ ಬಿಟ್ಟು ಬೇರೇನೂ ಮುಟ್ಟಿಲ್ಲ ಎಂದು ಮುನಿರಾಜು ಸತ್ತ ಅಪ್ಪನ ಮೇಲೆ ಆಣೆ ಇಟ್ಟ. ಯಾರೂ ನಂಬಲಿಲ್ಲ. ಗೌತಮ್ ಬೇಕರಿಗೇ ಹೋಗಿ, ಅಪ್ಪನಿಗೆ ಏನೂ ಕೊಡಬೇಡಿ ಎಂದು ಹೇಳಿ ಬಂದ. ಮರುದಿನ ಸಂಜೆ ಮುನಿರಾಜು ಟೀಗೆ ಕೈ ಚಾಚಿದಾಗ ಮಹದೇವ್ ಲೋಟ ಹಿಂದಕ್ಕೆ ಎಳೆದುಕೊಂಡ. ಬೇಡ ಯಜಮಾನ್ರೇ, ನಿಮ್ಮ ಮಗ ಬಯ್ಯುತ್ತಾರೆ ಎಂದ. ಗೆಳೆಯರೆಲ್ಲ ನಕ್ಕರು. ಅವತ್ತೇ ಕೊನೆ, ಮುನಿರಾಜು ಸಂಜೆ ಹೊರಗೆ ಹೋಗುವುದನ್ನು ಬಿಟ್ಟ. ಟಿವಿ ಮುಂದೆ ಕೂರುತ್ತಿದ್ದ, ಟಿವಿ ಹಾಕುತ್ತಿರಲಿಲ್ಲ.

ಒಮ್ಮೆ ಹಾಗೇ ಕೂತವನು ಹೆಂಡತಿಯನ್ನು ಕೇಳಿದ, "ನೀನಾದ್ರೂ ನನ್ನ ನಂಬ್ತೀಯೇನೇ?"

"ನಂಬ್ತೀನಿ," ಎಂದಳು ವಿಮಲಮ್ಮ.

ಅವನನ್ನು ನಂಬಲು ಅವಳಿಗಿದ್ದಷ್ಟು ಕಾರಣ ಈ ಲೋಕದಲ್ಲಿ ಇನ್ನಾರಿಗೂ ಇರಲಿಲ್ಲ. ಅವನು ಅಷ್ಟಕ್ಕೇ ತೃಪ್ತನಾಗಿ ತಲೆಯಾಡಿಸಿದ. ವಿಮಲಮ್ಮ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಮೊದಲು ಸೊಸೆಯ ಮುಖಕ್ಕೆ ಹೆದರಿ ಹೇಳಲಿಲ್ಲ. ಈಗ ಹೇಳಿದರೆ, ಗಂಡನ ಮರ್ಯಾದೆ ಬೀದಿಯಲ್ಲಿ ಹೋಗುವಾಗ ಯಾಕೆ ಸುಮ್ಮನಿದ್ದೆ ಎಂಬುದಕ್ಕೂ ಉತ್ತರ ಕೊಡಬೇಕಿತ್ತು. ಹಾಗಾದರೆ ಹಿಟ್ಟು ಹಾಕುವುದನ್ನಾದರೂ ಬಿಡಬಹುದಿತ್ತಲ್ಲ? ಬಿಟ್ಟ ದಿನವೇ ಅವನು ಮತ್ತೆ ತಟ್ಟೆ ಸರಿಸುತ್ತಾನೆ, ಸ್ಪಂದನ ಕಾರಣ ಹುಡುಕುತ್ತಾಳೆ. ಹೀಗೆ ಹೆದರುತ್ತಲೇ ದಿನಾ ಒಂದು ಹಿಡಿ ಹಾಕುತ್ತಿದ್ದಳು.

ಕೊನೆಗೆ ಡಾಕ್ಟರಮ್ಮ ಇನ್ಸುಲಿನ್ ಬರೆದುಕೊಟ್ಟರು. ಊಟಕ್ಕೆ ಮುಂಚೆ ಸ್ಪಂದನ ಮಾವನ ಹೊಟ್ಟೆಗೆ ಸೂಜಿ ಚುಚ್ಚುವಾಗ ಅವನು ಚಿಕ್ಕ ಹುಡುಗನಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ವಿಮಲಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಇನ್ನು ಏನಾದರಾಗಲಿ, ಈ ಭಾನುವಾರದಿಂದ ಒಂದು ಚಿಟಿಕೆ ಹಿಟ್ಟನ್ನೂ ಹಾಕುವುದಿಲ್ಲ ಎಂದು ನಿಶ್ಚಯಿಸಿದಳು. ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರೆ ಶುಗರ್ ತಾನೇ ಇಳಿಯುತ್ತದೆ, ತಾನು ಮಾಡಿದ್ದು ಮಾಡಿದ ಹಾಗೇ ಮುಚ್ಚಿಹೋಗುತ್ತದೆ ಎಂದುಕೊಂಡಳು.

ಆ ಭಾನುವಾರವೂ ಕೋಳಿ ರೋಸ್ಟ್ ಆಯಿತು, ಸೂಜಿಯೂ ಆಯಿತು. ಗ್ರೇವಿ ನೀರಾಗಿತ್ತು. ಮುನಿರಾಜು ಒಂದು ಸಲ ಬಟ್ಟಲನ್ನು ಅಲ್ಲಾಡಿಸಿ ನೋಡಿದ, ಏನೂ ಅನ್ನದೆ ತಿಂದು ಎದ್ದ. ತಟ್ಟೆ ಸರಿಸುವ ಧೈರ್ಯವೂ ಅವನಲ್ಲಿ ಈಗ ಉಳಿದಿರಲಿಲ್ಲ. ವಿಮಲಮ್ಮ ನಿಟ್ಟುಸಿರು ಬಿಟ್ಟಳು.

ಸಂಜೆ ಆಗುವ ಹೊತ್ತಿಗೆ ದಿವಾನದ ಮೇಲೆ ಮಲಗಿದ್ದ ಮುನಿರಾಜು ಬೆವರಿನಲ್ಲಿ ತೊಯ್ದು ಹೋಗಿದ್ದ. ಕೈ ಗಡಗಡ ನಡುಗುತ್ತಿತ್ತು. ಏನಾಯಿತಪ್ಪ ಎಂದು ಬಗ್ಗಿದ ಗೌತಮನನ್ನು, ಎಂದೋ ತೀರಿಕೊಂಡ ತಮ್ಮ ಕೃಷ್ಣಪ್ಪನೆಂದುಕೊಂಡು, ದನ ಕಟ್ಟಿದೆಯೇನೋ ಎಂದು ತೊದಲಿದ. ಸ್ಪಂದನ ಓಡಿ ಬಂದು ಬೆರಳು ಚುಚ್ಚಿ ಮೀಟರು ನೋಡಿದಳು. ಶುಗರ್ ಪಾತಾಳಕ್ಕಿಳಿದಿತ್ತು. ಸಕ್ಕರೆ ಡಬ್ಬವನ್ನು ಮಾವನ ಕೈಗೆ ಸಿಗದಂತೆ ತಾನೇ ಅಟ್ಟದ ಮೇಲೆ ಬಚ್ಚಿಟ್ಟಿದ್ದಳು, ಗಾಬರಿಯಲ್ಲಿ ಅದು ಅವಳ ಕೈಗೇ ಸಿಗಲಿಲ್ಲ. ವಿಮಲಮ್ಮ ಸ್ಟೂಲು ಹತ್ತಿ ತೆಗೆದಳು, ನೀರಿಗೆ ಸಕ್ಕರೆ ಕಲಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿದಳು. ಅವನ ತಲೆ ಅವಳ ತೋಳಿನ ಮೇಲಿತ್ತು. ನಾನೇ ಕೊಂದುಬಿಡುತ್ತಿದ್ದೆ ಎಂಬ ಒಂದೇ ಮಾತು ಅವಳ ಎದೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಕ್ರಮೇಣ ಅವನ ನಡುಕ ನಿಂತಿತು, ಕಣ್ಣಿಗೆ ಗುರುತು ಬಂತು.

ಗೌತಮ್ ಡಾಕ್ಟರಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. ಮಧ್ಯಾಹ್ನದ ಊಟದಲ್ಲಿ ಏನಾದರೂ ಬದಲಾಯಿತೇ ಎಂದು ಅವರು ಕೇಳಿದರು. ಇಲ್ಲ ಮೇಡಂ, ಅದೇ ಚಿಕನ್, ಅದೇ ಗ್ರೇವಿ, ನಾನೇ ಮಾಡಿದ್ದು ಎಂದು ಸ್ಪಂದನ ಅಳುತ್ತಲೇ ಹೇಳಿದಳು. ಹಾಗಿದ್ದರೆ ಕಿಡ್ನಿಗೆ ಏನಾದರೂ ಆಗಿದೆಯೋ ನೋಡಬೇಕು, ನಾಳೆಯೇ ಕರೆತನ್ನಿ ಎಂದರು ಡಾಕ್ಟರು. ಕಿಡ್ನಿ ಎಂದ ಕೂಡಲೇ ಸ್ಪಂದನಳ ಮುಖ ಬಿಳಿಚಿತು. ವಿಮಲಮ್ಮನ ಕಡೆ ಯಾರೂ ನೋಡಲಿಲ್ಲ. ಅವಳು ಇನ್ನೊಮ್ಮೆ ಸುಮ್ಮನಿರಬಹುದಿತ್ತು.

"ಬದಲಾಗಿದೆ," ಎಂದಳು. "ಇಷ್ಟು ದಿನ ಗ್ರೇವಿಗೆ ನಾನು ರಾಗಿಹಿಟ್ಟು ಹಾಕ್ತಿದ್ದೆ. ಇವತ್ತು ಹಾಕ್ಲಿಲ್ಲ."

ಡಾಕ್ಟರಮ್ಮ ಎಷ್ಟು ಎಂದು ಕೇಳಿದರು. ದಿನಾ ಒಂದು ಹಿಡಿ, ಒಂದೊಂದು ಸಲ ಜಾಸ್ತಿಯೇ ಎಂದಳು ವಿಮಲಮ್ಮ. ಆ ಹಿಟ್ಟಿನ ಲೆಕ್ಕಕ್ಕೆ ನಾನು ಮದ್ದು ಏರಿಸುತ್ತಾ ಹೋದೆ, ನೀವು ಹೇಳದೆ ಹಿಟ್ಟು ನಿಲ್ಲಿಸಿದಿರಿ, ಇವತ್ತು ಪುಣ್ಯಕ್ಕೆ ಎಲ್ಲರೂ ಮನೆಯಲ್ಲಿದ್ದೀರಿ ಎಂದರು ಅವರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ವಿಮಲಮ್ಮನಿಗೆ ಅನ್ನಿಸಿತು. ಇನ್ಸುಲಿನ್ ಸದ್ಯಕ್ಕೆ ನಿಲ್ಲಿಸಿ, ರಾತ್ರಿ ಆಗಾಗ ಮೀಟರು ನೋಡುತ್ತಿರಿ, ಬೆಳಗ್ಗೆ ಬನ್ನಿ ಎಂದು ಹೇಳಿ ಫೋನಿಟ್ಟರು.

ಸ್ಪಂದನ ಅತ್ತೆಯನ್ನೇ ನೋಡುತ್ತಿದ್ದಳು. ಅವಳು ಗ್ರೇವಿಯ ಬಗ್ಗೆ ಕೇಳುತ್ತಾಳೆ ಎಂದು ವಿಮಲಮ್ಮ ಕಾದಳು.

"ನಾನು ಮಾವನ್ನ ಸುಳ್ಳುಗಾರ ಅಂದೆ, ಅತ್ತೆ," ಎಂದಳು ಸ್ಪಂದನ. "ನೀವು ಅಲ್ಲೇ ಇದ್ರಿ."

ದಿವಾನದ ಮೇಲೆ ಮುನಿರಾಜು ಗೋಡೆಯ ಕಡೆ ಹೊರಳಿ ಮಲಗಿದ. ಎಷ್ಟೋ ಹೊತ್ತಿನ ಮೇಲೆ, ನಿದ್ದೆ ಹೋದ ಎಂದುಕೊಂಡಿದ್ದಾಗ, ಹಾಗೇ ಮಲಗಿಕೊಂಡು ಒಂದೇ ಮಾತು ಹೇಳಿದ.

"ಮಹದೇವಂಗೆ ಹೇಳು."

ಬೆಳಗ್ಗೆ ಗಂಡನ ಜೊತೆ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ವಿಮಲಮ್ಮ ಬೇಕರಿಯ ಮೂಲೆಯಲ್ಲಿ ನಿಂತಳು. ಮುನಿರಾಜುವಿನ ಗೆಳೆಯರು ಬೆಳಗಿನ ಟೀ ಲೋಟ ಹಿಡಿದು ಅಲ್ಲೇ ಇದ್ದರು. ಅವಳು ಗಂಡಸರ ನಡುವೆ ದಾರಿ ಮಾಡಿಕೊಂಡು ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ಬಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು. ನಮ್ಮ ಯಜಮಾನರು ನಿಮ್ಮ ಹತ್ತಿರ ಏನೂ ತಿಂದಿರಲಿಲ್ಲ, ಅವರು ಆಡಿದ್ದು ನಿಜ, ಶುಗರ್ ಏರಿಸಿದ್ದು ನಾನು, ಊಟಕ್ಕೆ ಕದ್ದು ಹಿಟ್ಟು ಬೆರೆಸುತ್ತಿದ್ದೆ ಎಂದಳು. ಮಹದೇವ್ ಒದ್ದೆ ಬಟ್ಟೆಯಿಂದ ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದ. ಆಮೇಲೆ ಸಕ್ಕರೆಯಿಲ್ಲದ ಟೀ ಮಾಡಿ ಮುನಿರಾಜುವಿನ ಕೈಗೆ ತಾನೇ ತಂದು ಕೊಟ್ಟ. ಮುನಿರಾಜು ಅದನ್ನು ಅಲ್ಲೇ, ಗೆಳೆಯರ ನಡುವೆ ನಿಂತು ನಿಧಾನವಾಗಿ ಕುಡಿದ. ಹೆಂಡತಿಗೊಂದು ಲೋಟ ಹೇಳಲಿಲ್ಲ.

ಮಧ್ಯಾಹ್ನ ವಿಮಲಮ್ಮ ನಿನ್ನೆಯ ಕೋಳಿ ಬಿಸಿ ಮಾಡಿದಳು. ಗ್ರೇವಿಗೆ ಎಳ್ಳನ್ನು ಇನ್ನೊಂದಿಷ್ಟು ರುಬ್ಬಿ ಹಾಕಿದಳು. ಸ್ಪಂದನ ಕೆಲಸಕ್ಕೆ ಹೊರಡುವ ಮುಂಚೆಯೇ ಅವಳನ್ನು ಕೇಳಿಕೊಂಡಿದ್ದಳು. ತಟ್ಟೆ ಇಟ್ಟು, ಬಟ್ಟಲಿಗೆ ಬಡಿಸಿ ಎದುರು ಕೂತಳು. ಮುನಿರಾಜು ತಟ್ಟೆಗೆ ಕೈ ಹಾಕಲಿಲ್ಲ.

"ಇದಕ್ಕೆ ಏನೇನ್ ಹಾಕಿದೀಯಾ?" ಎಂದ.

ಅವನ ದನಿಯಲ್ಲಿ ಕೋಪವಿರಲಿಲ್ಲ. ಅಂಗಡಿಯವನನ್ನು ಕೇಳಿದಂತೆ ಕೇಳಿದ. ವಿಮಲಮ್ಮ ಕೋಳಿಯ ರಸ ಎಂದಳು, ಈರುಳ್ಳಿ ಎಂದಳು, ಬೆಳ್ಳುಳ್ಳಿ, ಮೆಣಸು, ಎಳ್ಳು, ಕೊಬ್ಬರಿ, ಉಪ್ಪು ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಅಷ್ಟೇನಾ?"

"ಅಷ್ಟೇ."

ಮುನಿರಾಜು ಇನ್ನೊಂದು ಸಲ ಬಟ್ಟಲಿನೊಳಗೆ ನೋಡಿದ. ಆಮೇಲೆ ಒಂದು ಚೂರು ಮುರಿದು, ಅದ್ದಿ, ಬಾಯಿಗಿಟ್ಟುಕೊಂಡ.