ಆಚಾರ್ಯರ ಫಳಾರ

ಡಾಕ್ಟರ್ ಗುರುಶಿದ್ದಪ್ಪನವರು ಅಳತೆಯ ಪಟ್ಟಿಯನ್ನು ರಮಾಕಾಂತಾಚಾರ್ಯರ ಹೊಟ್ಟೆಯ ಸುತ್ತ ಮತ್ತೊಮ್ಮೆ ಎಳೆದು ನೋಡಿದರು. ಪಟ್ಟಿ ತಪ್ಪಿರಲಿಲ್ಲ. ಯುಗಾದಿಯ ಹೊತ್ತಿಗೆ ಇದ್ದುದಕ್ಕಿಂತ ಹೊಟ್ಟೆ ಎರಡು ಇಂಚು ಮುಂದಕ್ಕೆ ಬಂದಿತ್ತು.

“ಆಚಾರ್ರ, ನಾ ಇಳಸ್ರಿ ಅಂದಿದ್ದೆ. ಬೆಳಸ್ರಿ ಅಂದಿದ್ದಿಲ್ಲ.”

“ನೀವು ಹೇಳಿದ್ದು ಒಂದ ವಾರಾನೂ ತಪ್ಪಿಸಿಲ್ಲ, ಡಾಕ್ಟರ. ಊಟ ಕಡಿಮಿ ಮಾಡ್ರಿ, ನಡುನಡುವ ಉಪವಾಸ ಇದ್ರೂ ಛಲೋ ಅಂದ್ರಿ. ಏಕಾದಶಿ ಮೊದಲಿಂದನೂ ಇತ್ತು. ಈಗ ಸೋಮವಾರ, ಗುರುವಾರ, ಶನಿವಾರನೂ ಹಿಡದೀನಿ.”

ಹುಬ್ಬಳ್ಳಿ ಧಾರವಾಡಗಳಿಗೆ ಒಂದೇ ಪಾಲಿಕೆಯಾದ ಮರುವರ್ಷವದು. ಆಚಾರ್ಯರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಸಂಜೆ ಧಾರವಾಡದ ಮಾಳಮಡ್ಡಿಯಲ್ಲಿ ಪುರಾಣ ಹೇಳುತ್ತಿದ್ದರು. ಕೈಕಾಲು ಸಣ್ಣವು, ಹೊಟ್ಟೆಯೊಂದೇ ಘನವಾದದ್ದು. ವ್ಯಾಸಪೀಠದ ಮೇಲೆ ಕುಳಿತಾಗ ಆ ಹೊಟ್ಟೆ ವಿದ್ವತ್ತಿನ ಅಂಗವೇ ಎಂಬಂತೆ ಶೋಭಿಸುತ್ತಿತ್ತು. ಕೇಳುವವರಿಗೂ ಹಾಗೆಯೇ ತೋರುತ್ತಿತ್ತು. ಹಾಗೆ ತೋರದವರು ಇಬ್ಬರೇ: ಡಾಕ್ಟರರು ಮತ್ತು ಆಚಾರ್ಯರ ಪತ್ನಿ ಅಂಬಾಬಾಯಿ. ಆಚಾರ್ಯರ ತಂದೆಗೆ ಸಕ್ಕರೆ ರೋಗವಿತ್ತು. ಮೊದಲು ಹೆಬ್ಬೆರಳು ಕಪ್ಪಾಯಿತು. ಆಮೇಲೆ ಮೊಣಕಾಲಿನ ಕೆಳಗಿನದನ್ನು ಕತ್ತರಿಸಿದರು. ಅದಾದ ಮೇಲೆ ಅವರು ಬಹಳ ಕಾಲ ಬದುಕಲಿಲ್ಲ. ಕೊನೆಯ ತನಕ ಆ ಗಾಯ ತೊಳೆದವಳು ಸೊಸೆ ಅಂಬಾಬಾಯಿ.

“ಉಪವಾಸದ ದಿನಾ ಏನ ತಗೋತೀರಿ?” ಎಂದರು ಡಾಕ್ಟರರು.

“ಅನ್ನ ಮುಟ್ಟೂದಿಲ್ಲ. ಏಕಾದಶಿಗೆ ನೀರೂ ಇಲ್ಲ. ಉಳಿದ ದಿನ ಸ್ವಲ್ಪ ಫಳಾರ.”

ಬಾಗಿಲ ಬಳಿ ನಿಂತಿದ್ದ ಅಂಬಾಬಾಯಿಗೆ ತಡೆಯಲಾಗಲಿಲ್ಲ.

“ಸ್ವಲ್ಪ! ಹೇಳ್ಲೇನ್ರಿ ಡಾಕ್ಟರ? ಮುಂಜಾನೆ ಸಾಬೂದಾಣಿ ಖಿಚಡಿ, ಮ್ಯಾಲೆ ತುಪ್ಪ. ಮಧ್ಯಾಹ್ನ ಬಟಾಟಿ ಪಲ್ಯ, ಬೆಲ್ಲ ಹಾಕಿ ಬೇಯಿಸಿದ ಗೆಣಸು. ನಾಲ್ಕರ ಸುಮಾರಿಗೆ ಶೇಂಗಾ ಉಂಡಿ. ರಾತ್ರಿ ಬಾಳಿಹಣ್ಣು, ಸಕ್ಕರಿ ಹಾಕಿದ ಕೆನಿಹಾಲು. ಉಪವಾಸಿಲ್ಲದ ದಿನಾನ ನನಗ ಅಡಗಿ ಮನ್ಯಾಗ ಪುರಸೊತ್ತು ಸಿಗತದ. ಉಪವಾಸ ಬಂತಂದ್ರ ಶೇಂಗಾ ಕುಟ್ಟಿ ಕುಟ್ಟಿ ರಟ್ಟಿ ಬಿದ್ದು ಹೋಗ್ಯಾವ!”

ಡಾಕ್ಟರರು ನಗು ತಡೆದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಚಾರ್ಯರನ್ನು ಮಲಗಿಸಿ ಪಾದಗಳ ಮೇಲೆ ಬೆರಳಿಟ್ಟು ಕುಳಿತರು.

“ನಾಡಿ ಕೈಯಾಗ ಅದ, ಡಾಕ್ಟರ.”

“ಕಾಲಾಗೂ ಐತ್ರಿ. ಬಲಗಾಲಿಂದು ನೆಟ್ಟಗ ಸಿಗತೈತಿ. ಎಡಗಾಲಿಂದು ಹುಡುಕಾಡಾಕತ್ತೇನಿ. ಕೇಳ್ರಿಲ್ಲೆ. ಸಕ್ಕರಿ ರೋಗ ಇನ್ನೂ ಒಳಗ ಬಂದಿಲ್ಲ, ಹೊಸ್ತಿಲದಾಗ ನಿಂತೈತಿ. ಆದ್ರ ಹೊಟ್ಟಿ ಒಳಗ, ಕರಳಿನ ಸುತ್ತ ಕೊಬ್ಬು ಕುಂತೈತಿ ನೋಡ್ರಿ, ಅದು ಸುಮ್ಮ ಕುಂದರೂದಲ್ಲ. ಮೈತುಂಬ ದಪ್ಪ ಇದ್ದವರಿಗಿಂತ ಹೊಟ್ಟಿ ಒಂದ ಬೆಳಸಿದವರಿಗೆ ರಕ್ತದ ನಾಳ ಲಗೂ ಬಿರುಸಾಗತಾವ. ನಡಿಯೂವಾಗ ಮೀನಖಂಡ ಹಿಡಿತೈತೇನು?”

“ಛೇ, ಇಲ್ಲ” ಎಂದರು ಆಚಾರ್ಯರು.

“ಹಂಗಾರ ಫಳಾರ ಬಿಡ್ರಿ. ದಿನಾ ನಡೀರಿ.”

“ಫಳಾರಕ್ಕ ಶಾಸ್ತ್ರದ ಒಪ್ಪಿಗಿ ಅದ!”

“ಶಾಸ್ತ್ರ ನೀವು ಬಲ್ಲಿರಿ. ನನಗ ಕಾಲಷ್ಟ ಗೊತ್ತು.”

ಮನೆಯ ಕಡೆಗಿನ ಏರಿನಲ್ಲಿ ಅಂಬಾಬಾಯಿ ಹಿಂದೆ ನಡೆದಳು. ಅರ್ಧ ಏರುವಷ್ಟರಲ್ಲಿ ಆಚಾರ್ಯರು ಒಂದು ಗೋಡೆಯ ಎದುರು ನಿಂತು, ಕಣ್ಣು ಮುಚ್ಚಿ, ಕೈಮುಗಿದು, ತುಟಿಯಲ್ಲೇ ಏನನ್ನೋ ಪಠಿಸತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಭಕ್ತಿಯಿಂದ ತಾವೂ ತಲೆಬಾಗಿದರು. ಅವರು ದಾಟಿಹೋಗುವ ತನಕ ಅಂಬಾಬಾಯಿ ಕಾದಳು.

“ಅಲ್ರೀ, ಇದು ಯಾವ ದೇವರು? ಒಳಗ ಕಟ್ಟಿಗಿ ಅಡ್ಡೆ ಅದ.”

“ಭಗವಂತ ಸರ್ವತ್ರ ಇರತಾನ.”

“ಇಳಿಜಾರಿನಾಗ ಯಾಕ ಇರೂದಿಲ್ಲ? ಏರಿನಾಗಷ್ಟ ನಿಮ್ಮನ್ನ ನಿಲ್ಲಸ್ತಾನೇನು?”

ಆಚಾರ್ಯರು ಎಡಗಾಲನ್ನು ನೆಲಕ್ಕೆ ಪೂರ್ತಿ ಊರದೆ ನಿಂತಿದ್ದರು. ಅಂಬಾಬಾಯಿ ನೋಡಿದಳು. ಮಾವನವರೂ ಕಾಯಿಪಲ್ಯದ ಚೀಲ ಹಿಡಿದು ಇದೇ ಏರಿನಲ್ಲಿ ಹೀಗೆಯೇ ನಿಲ್ಲುತ್ತಿದ್ದರು. ಅವರು ಹವೆಯ ಗುಣಗಾನ ಮಾಡುತ್ತ ನಿಲ್ಲುತ್ತಿದ್ದರು, ಇಷ್ಟೇ ಭೇದ. ಆಕೆಯ ಸಿಟ್ಟು ಆ ಕ್ಷಣಕ್ಕೆ ಭಯವಾಯಿತು. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಸಿಟ್ಟಾಯಿತು, ಈ ಸಲ ಇಮ್ಮಡಿಯಾಗಿ.

ಮರುದಿನ ಶನಿವಾರ. ಪೂಜೆ ಮುಗಿಸಿದ ಆಚಾರ್ಯರು ಮಣೆಯ ಮೇಲೆ ಕುಳಿತರು. ಅಂಬಾಬಾಯಿ ಒಂದು ಲೋಟ ಮಜ್ಜಿಗೆಯನ್ನೂ ಹೆಚ್ಚಿದ ಸೌತೆಕಾಯಿಯನ್ನೂ ತಂದಿಟ್ಟಳು.

“ಫಳಾರ ಎಲ್ಲಿ?”

“ದೇವರಿಗೆ ಬಿಟ್ಟೀನಿ, ಇನ್ನ ತಿನ್ನೂಹಂಗಿಲ್ಲ. ಸಾಬೂದಾಣಿ, ಬಟಾಟಿ, ಗೆಣಸು, ಶೇಂಗಾ ಉಂಡಿ, ಕೆನಿಹಾಲು.”

“ಬಿಟ್ಟವಳು ನೀನು. ನನಗ ಬಡಸು.”

“ನಿಮ್ಮ ಹೆಸರಲೆ ಬಿಟ್ಟೀನಿ.”

ಆಚಾರ್ಯರ ಹುಬ್ಬು ಮೇಲೇರಿತು. “ನನ್ನ ಹೆಸರಲೆ? ಹೆಂಗ ಬಿಟ್ಟೀ?”

“ದೇವರ ಮುಂದ ನಿಂತು, ಇವರು ಬಿಟ್ಟಾರಪ್ಪಾ ಅಂದೆ.”

“ಅಷ್ಟ?”

“ಅಷ್ಟ.”

“ದೇಶಕಾಲ ಹೇಳಲಿಲ್ಲ? ಗೋತ್ರ? ಕೈಯಾಗ ನೀರು, ಅಕ್ಷತಿ? ಹಿಂಗೆಲ್ಲಾ ಬಿಟ್ರ ಬಿಟ್ಟಂಗ ಆಗತದೇನು? ಸಂಕಲ್ಪ ಅಂದ್ರ ಏನು ಹುಡುಗಾಟನ?”

“ಹಂಗಿದ್ರ ಆಗೂಹಂಗ ನೀವ ಮಾಡ್ರಿ. ಇಲ್ಲಾ, ಆಗಿಲ್ಲ ಅಂತ ದೇವರಿಗೆ ನೀವ ಹೇಳಿ ಬರ್ರಿ. ನಾ ಈಗಿಂದೀಗ ಖಿಚಡಿ ಹಾಕ್ತೀನಿ. ಮುಂದ ಗಾಯ ತೊಳೀಲಿಕ್ಕೆ ಮಾತ್ರ ನನ್ನ ಕರೀಬ್ಯಾಡ್ರಿ. ಒಂದು ಕಾಲು ತೊಳದೀನಿ. ಇನ್ನೊಂದು ನನ್ನಿಂದ ಆಗೂದಿಲ್ಲ.”

ಆಕೆಯ ದನಿ ಕೊನೆಯ ಮಾತಿಗೆ ಒಡೆಯಿತು. ವಾದಕ್ಕೆ ಆಚಾರ್ಯರಲ್ಲಿ ವಚನಗಳ ಕೊರತೆಯಿರಲಿಲ್ಲ; ಆದರೆ ದೇವರೆದುರು ತಮ್ಮ ಹೆಸರಿನಲ್ಲಿ ಒಂದು ತ್ಯಾಗ ಅಂಗಹೀನವಾಗಿ ನಿಂತಿದೆಯೆಂಬುದು ಅವರ ಎದೆಯಲ್ಲಿ ಮುಳ್ಳಿನಂತೆ ಚುಚ್ಚತೊಡಗಿತು. ಊರಿನವರ ಸಂಕಲ್ಪಗಳನ್ನೆಲ್ಲ ತಿದ್ದಿದವರು ತಮ್ಮ ಮನೆಯದನ್ನು ಹಾಗೆಯೇ ಬಿಟ್ಟು ಏಳುವುದು ಹೇಗೆ?

ಸಿಡುಕುತ್ತಲೇ ದೇವರ ಮನೆಗೆ ಹೋಗಿ ಆಚಮನ ಮಾಡಿದರು. ಗೋದಾವರಿಯ ದಕ್ಷಿಣ ತೀರದಿಂದ ಹಿಡಿದು ಶೋಭಕೃತ್ ಸಂವತ್ಸರದ ತಿಥಿ ವಾರಗಳವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದರು. ಬಿಡತಕ್ಕ ಪದಾರ್ಥಗಳ ಹೆಸರು ಬಂದಾಗ ಶೇಂಗಾ ಉಂಡಿಯ ಬಳಿ ಒಂದು ಕ್ಷಣ ತಡೆದು, ಅದನ್ನೂ ಹೇಳಿದರು. ಇನ್ನು ಉಳಿದದ್ದು ಯಾವ ಫಲಕ್ಕಾಗಿ ಎಂಬ ಮಾತು. ಅದನ್ನು ಹೇಳದೆ ಸಂಕಲ್ಪ ಪೂರ್ಣವಾಗದು. ಸುಳ್ಳು ಹೇಳಲು ಅದು ಸ್ಥಳವಲ್ಲ. ಅಂಗೈಯ ನೀರು ಬೆರಳ ಸಂದಿಯಲ್ಲಿ ಜಿನುಗತೊಡಗಿತು.

“ಏರು ಹತ್ತುವಾಗ ನನ್ನ ಎಡಗಾಲು ನೋಯತದ” ಎಂದರು, ಸಂಸ್ಕೃತ ಬಿಟ್ಟು, ಮನೆಯ ಮಾತಿನಲ್ಲಿ. “ಭಾಳ ದಿನಾ ಆತು. ಆ ಕಾಲು ಉಳೀಲಿ.”

ನೀರು ತಟ್ಟೆಗೆ ಬಿಟ್ಟರು.

ಬಾಗಿಲಲ್ಲಿದ್ದ ಅಂಬಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇದನ್ನ ನಿನ್ನೆ ಡಾಕ್ಟರ ಮುಂದ ಹೇಳಲಿಕ್ಕೆ ಏನಾಗಿತ್ತು ನಿಮಗ? ಏಳ್ರಿ, ಮಜ್ಜಿಗಿ ಕುಡದು ನಡೀರಿ. ಅವರ ದವಾಖಾನಿ ಬಾಗಲಾ ತಗದಿರತದ.”