ಒತ್ರಾಂತೊದ ಉಪ್ಪಾಪ

೧೯೯೦ರ ಆಗಸ್ಟ್ ಕೊನೆಗೆ ಇರಾಕಿ ಸೈನಿಕರು ತಾವು ಆಕ್ರಮಿಸಿದ್ದ ನೆರೆದೇಶದ ಫಿಂಟಾಸ್ ಊರಿನ ಮನೆಮನೆಗೂ ನುಗ್ಗಿ ಪಾಶ್ಚಾತ್ಯ ಗಂಡಸರನ್ನು ಹುಡುಕತೊಡಗಿದರು. ಅಡಗಿಸಿಟ್ಟವರಿಗೆ ಗಲ್ಲು ಎಂದು ಸುದ್ದಿಯಾಗಿತ್ತು. ಅದನ್ನು ಕೇಳಿದ ಮೇಲೂ ಕೆಳಗಿನ ಮನೆಯ, ಕರಾವಳಿ ಕಡೆಯ ಮರಿಯಮ್ ಬೀವಿ ಮೇಲಿನ ಮಹಡಿಗೆ ಹೋಗಿ, ಒಂಟಿಯಾಗಿದ್ದ ಡೊನಾಟೊನನ್ನು ಕೈಹಿಡಿದು ಕರೆತಂದಳು. ಹೋಟೆಲೊಂದರಲ್ಲಿ ಬ್ರೆಡ್ಡು ಸುಡುತ್ತಿದ್ದ ಇಟಲಿಯ ಮುದುಕ ಅವನು. ಅರಬಿ, ಇಂಗ್ಲಿಷು, ಹಿಂದಿ ಎಲ್ಲ ಕಲಸಿ ಮಾತಾಡುತ್ತಿದ್ದ.

ನಗರದ ಮಿರ್ಕಾಬ್ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಅವಳ ಗಂಡ ಮೊಯ್ದೀನ್ ಕುಂಞಿ ತನ್ನ ಬಿಳಿ ಮುಂಡು, ಟೊಪ್ಪಿ ತಂದುಕೊಟ್ಟ. "ಇವರು ನನ್ನ ಉಪ್ಪ, ಹೆತ್ತ ತಂದೆ. ಮಾತು ಬರುವುದಿಲ್ಲ, ಕಿವಿ ಕೇಳುವುದಿಲ್ಲ. ಯಾರು ಬಂದರೂ ಇಷ್ಟೇ ಹೇಳುವುದು, ಗೊತ್ತಾಯಿತಲ್ಲ?"

ಗುಂಡಿನ ಸದ್ದಿಗೆ ಅವರ ಪುಟ್ಟ ಮಗಳು ನಶ್ರಾ ಮೇಜಿನಡಿ ನುಸುಳುತ್ತಿದ್ದಳು. ಡೊನಾಟೊ ತಟ್ಟೆಯಲ್ಲಿ ಮೈದಾ ಹರಡಿ, ಬೆರಳಿನಿಂದ ತನ್ನೂರು ಒತ್ರಾಂತೊವನ್ನು ಬಿಡಿಸಿ ಅವಳನ್ನು ಹೊರಗೆ ಕರೆಯುತ್ತಿದ್ದ. "ಇದು ಊರ ಬಾಗಿಲು. ಇದು ಕೋಟೆ, ಪಕ್ಕದಲ್ಲೇ ಸಮುದ್ರ. ಇದು ದೊಡ್ಡ ಚರ್ಚು. ಅದರ ನೆಲದ ತುಂಬ ಚೂರುಕಲ್ಲಿನಲ್ಲಿ ಮಾಡಿದ ಒಂದು ಮರ. ಆ ಮರ ನಿಂತಿರುವುದು ಆನೆಗಳ ಬೆನ್ನ ಮೇಲೆ."

"ಎಲಿಫೆಂಟ್ಸ್? ಇನ್ ಇಟಲಿ?" ನಶ್ರಾ ಹೊರಬಂದಳು.

"ಎಂಟುನೂರು ವರ್ಷದ ಹಳೆಯ ಆನೆ."

"ಪಾಪ, ಅದರ ಮೇಲೆಯೇ ಜನ ನಡೆಯುವುದಾ?" ಎಂದಳು ಮರಿಯಮ್.

ಡೊನಾಟೊ ನಕ್ಕುಬಿಟ್ಟ. ಇಲ್ಲಿಗೆ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಒಂದು ಮಧ್ಯಾಹ್ನ ಸೈನಿಕನೊಬ್ಬ ಬಂದ. ಗೋಡೆಗೊರಗಿ ಕುಳಿತ ಡೊನಾಟೊನ ಬೂದುಗಣ್ಣನ್ನೇ ದಿಟ್ಟಿಸಿದ. ಮೊಯ್ದೀನನಿಗೆ ಕಲಿತ ಮಾತೆಲ್ಲ ಮರೆತುಹೋಯಿತು. ಅಲ್ಲಿಯವರೆಗೆ 'ಅಂಕಲ್' ಎನ್ನುತ್ತಿದ್ದ ನಶ್ರಾ ಎದ್ದುಹೋಗಿ ಮುದುಕನ ತೊಡೆಯೇರಿ, ಕೊರಳು ತಬ್ಬಿ, "ಉಪ್ಪಾಪ, ಉಪ್ಪಾಪ" ಎಂದು ಅಳತೊಡಗಿದಳು. ಅಜ್ಜನನ್ನು ಕರೆಯುವ ಆ ಮಾತು ಸೈನಿಕನಿಗೆ ಅರ್ಥವಾಯಿತೋ ಇಲ್ಲವೋ. ಅವನು ಮಗುವಿನ ತಲೆ ಸವರಿ ಹೊರಟುಹೋದ. ಡೊನಾಟೊ ಬಹಳ ಹೊತ್ತು ಅವಳನ್ನು ಕೆಳಗಿಳಿಸಲಿಲ್ಲ.

ಭಾರತೀಯರನ್ನು ವಿಮಾನ ಹತ್ತಿಸುತ್ತಿದ್ದ ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ಜಾಗ ಸಿಕ್ಕಾಗ ಮೊಯ್ದೀನ್ ಹೇಳಿದ: "ನೀನು, ಮಗಳು ಊರಿಗೆ ಹೋಗಿ. ಇವರನ್ನು ನಾನು ನೋಡಿಕೊಳ್ಳುತ್ತೇನೆ."

"ಸೊಸೆ, ಮೊಮ್ಮಗಳು ಹೋದ ಮೇಲೆ ಇವರು ನಿಮ್ಮ ಉಪ್ಪ ಅಂತ ಯಾರು ನಂಬುತ್ತಾರೆ ಮಾರಾಯ್ರೇ?" ಮರಿಯಮ್ ಕಟ್ಟಿದ್ದ ಗಂಟು ಬಿಚ್ಚಿದಳು. ಬಸ್ಸು ಅವರನ್ನು ಬಿಟ್ಟು ಹೋಯಿತು.

ಡಿಸೆಂಬರಿನಲ್ಲಿ ಪಾಶ್ಚಾತ್ಯರನ್ನೂ ಅವರವರ ಊರಿಗೆ ಬಿಡುವ ಆದೇಶ ಬಂತು. ಪ್ಯಾಂಟು ತೊಟ್ಟು ನಿಂತ ಡೊನಾಟೊ ಯಾರೋ ಪರಕೀಯನಂತೆ ಕಂಡ. ಮರಿಯಮಳ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡ.

ಯುದ್ಧ ಮುಗಿಯುವವರೆಗೂ ಮೂವರೂ ಅದೇ ಮನೆಯಲ್ಲಿ ಉಳಿದರು. ಮರುವರ್ಷ ಫೋನು ಸರಿಯಾದ ಮೇಲೆ ಒತ್ರಾಂತೊದಿಂದ ಕರೆ ಬಂತು. "ಬೆಳಿಗ್ಗೆ ಗಂಜಿ ಇಲ್ಲದೆ ನನಗೀಗ ಆಗುವುದಿಲ್ಲ. ಹುಚ್ಚು ಹಿಡಿದಿದೆ ಎನ್ನುತ್ತಾಳೆ ತಂಗಿ," ಎಂದ ಡೊನಾಟೊ. "ಅಕ್ಕಿ ಅಡಿಹಿಡಿಯುತ್ತದೆ, ಏನು ಮಾಡಲಿ?"

"ನೀರು ಜಾಸ್ತಿ ಇಡಿ, ಉರಿ ಸಣ್ಣ ಮಾಡಿ," ಎಂದಳು ಮರಿಯಮ್, ಕಣ್ಣೊರೆಸಿಕೊಳ್ಳುತ್ತ. "ತಂಗಿಗೆ ಫೋನು ಕೊಡಿ, ನಾನೇ ಹೇಳಿಕೊಡುತ್ತೇನೆ."